ಬೈತಖೋಲದ ಆಸರೆ

ಕಾರವಾರ ಪೇಟೆ ದಕ್ಷಿಣಕ್ಕೆ ಮುಗಿಯುವಲ್ಲಿ ಒಂದು ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿದೆ. ಆ ಮೂಗಿನ ಮರೆಯಲ್ಲಿ, ಮಳೆಗಾಲದ ನೈಋತ್ಯ ಗಾಳಿ ನೇರ ಬಂದು ಅಪ್ಪಳಿಸದ ಕಡೆ, ನೀರು ಒಂದಿಷ್ಟು ಒಳಕ್ಕೆ ಸರಿದು ನಿಂತಿದೆ. ಅದೇ ಬೈತಖೋಲ. ಅಲ್ಲಿಂದ ಉತ್ತರಕ್ಕೆ ಕೋಡಿಬಾಗದ ತನಕ, ಕಾಳಿ ನದಿ ಸಮುದ್ರ ಸೇರುವ ಅಳಿವೆಯವರೆಗೂ, ಬಾಗಿದ ಬಿಲ್ಲಿನ ಹಾಗೆ ಮರಳಿನ ದಡ. ನದಿಯ ಆಚೆ ಸದಾಶಿವಗಡದ ಗುಡ್ಡ, ಎದುರಿಗೆ ಕೂರ್ಮಗಡ, ದೇವಗಡ ಮುಂತಾದ ನಡುಗಡ್ಡೆಗಳು. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಕೆನರಾ ಗೆಜೆಟಿಯರ್ ಈ ಹೆಸರಿಗೆ ಅರಬ್ಬಿ ಮೂಲ ಹೇಳುತ್ತದೆ: ಬೈತ್-ಎ-ಕೋಲ್, ಅಂದರೆ ಸುರಕ್ಷಿತ ಕೊಲ್ಲಿ. ಕೊಂಕಣಿ ಕಿವಿಗೆ ‘ಖೋಲ’ ಎಂದರೆ ಆಳ ಎಂದಷ್ಟೇ ಕೇಳಿಸುತ್ತದೆ. ಅರಬರನ್ನು ಅಷ್ಟು ದೂರದಿಂದ ಕರೆಸುವ ಅಗತ್ಯವಿತ್ತೇ ಎಂಬ ಅನುಮಾನ ನನಗಿದೆ. ಆದರೆ ಗೆಜೆಟಿಯರಿನ ವ್ಯುತ್ಪತ್ತಿ ಸರಿಯೋ ತಪ್ಪೋ, ಅದರ ಹಿಂದಿನ ಮನಸ್ಸು ಸ್ಪಷ್ಟವಾಗಿದೆ. ಈ ಜಾಗವನ್ನು ಬರೆದಿಟ್ಟವರೆಲ್ಲ ಅದನ್ನು ಹಡಗಿನ ಮೇಲೆ ನಿಂತು ನೋಡಿದರು. ಅವರಿಗೆ ಅದು ಆಸರೆ. ಯಾರಿಗೆ ಆಸರೆ, ಯಾವುದರಿಂದ ಆಸರೆ ಎಂದು ಕೇಳಿದರೆ ಉತ್ತರ ಒಂದೇ: ಹಡಗಿಗೆ, ಕಡಲಿನಿಂದ. ಬೈತಖೋಲದ ನಾಲ್ಕು ಶತಮಾನಗಳ ದಾಖಲೆಯಲ್ಲಿ ‘ರಕ್ಷಣೆ’ ಎಂಬ ಮಾತಿಗೆ ಇದೇ ಅರ್ಥ. ದಡವನ್ನು, ದಡದ ಜೀವಗಳನ್ನು ಕಾಯುವುದು ಎಂಬ ಅರ್ಥ ಆ ಮಾತಿಗೆ ಬಂದದ್ದು ತೀರಾ ಈಚೆಗೆ. ಅದಕ್ಕೂ ಮೊದಲು ಈ ದಡ ಉಳಿದದ್ದು ಯಾರೋ ಕಾದದ್ದರಿಂದಲ್ಲ. ದೊಡ್ಡವರ ಯೋಜನೆಗಳು ಒಂದಾದ ಮೇಲೊಂದು ಸೋತದ್ದರಿಂದ, ಮತ್ತು ಮರಳನ್ನು ಮರಳಾಗಿಯೇ ಬಳಸಿಕೊಳ್ಳುವ ಒಂದು ಕಸುಬು ಅಲ್ಲಿ ಬೇರು ಬಿಟ್ಟಿದ್ದರಿಂದ.

ಹಡಗಿನವರ ಕತೆಯನ್ನು ಬೇಗ ಹೇಳಿ ಮುಗಿಸಬಹುದು. 1498ರಲ್ಲಿ ವಾಸ್ಕೋ ಡ ಗಾಮ ಮರಳುವ ದಾರಿಯಲ್ಲಿ ತಂಗಿದ್ದು ಬೈತಖೋಲದ ದಕ್ಷಿಣಕ್ಕಿರುವ ಅಂಜದೀವ ನಡುಗಡ್ಡೆಯಲ್ಲಿ. 1505ರಲ್ಲಿ ಪೋರ್ಚುಗೀಸರು ಅಲ್ಲೊಂದು ಕೋಟೆ ಕಟ್ಟಿದರು, ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. 1660ರ ದಶಕದ ಆರಂಭದಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದು, ಪೋರ್ಚುಗೀಸರು ಬಿಟ್ಟುಕೊಡದೆ ಸತಾಯಿಸಿದ್ದರಿಂದ ಅದೇ ನಡುಗಡ್ಡೆಯಲ್ಲಿ ಬಿಡಾರ ಹೂಡಿದ ಇಂಗ್ಲಿಷ್ ಸೈನಿಕರಲ್ಲಿ ಬಹುಪಾಲು ಜನ ಜ್ವರಕ್ಕೆ ಸಿಕ್ಕಿ ಸತ್ತರು. ಅಲೆಯಿಂದ ಆಸರೆ ಕೊಟ್ಟ ಜಾಗ ರೋಗದಿಂದ ಕೊಡಲಿಲ್ಲ. ಇತ್ತ 1638ರಲ್ಲೇ ಕಾರವಾರದಲ್ಲಿ ಇಂಗ್ಲಿಷರ ಕೋಠಿಯೊಂದು ಶುರುವಾಗಿತ್ತು. ಘಟ್ಟದ ಮೇಲಿನ ಬಟ್ಟೆ, ಮೆಣಸು, ಏಲಕ್ಕಿ ಇಲ್ಲಿಂದ ಹಡಗು ಹತ್ತುತ್ತಿದ್ದವು. 1665ರಲ್ಲಿ ಶಿವಾಜಿ ಬಂದು ಕಪ್ಪ ಎತ್ತಿದಾಗ ಕೋಠಿಯವರೂ ತಮ್ಮ ಪಾಲು ತೆತ್ತರು. ಸೋದೆಯ ಅರಸರು ನದಿಯಾಚೆ ಸದಾಶಿವಗಡ ಕಟ್ಟಿಸಿದರು, ಪೋರ್ಚುಗೀಸರು ಅದನ್ನು ಹಿಡಿದರು, ಕೋಠಿ ಮುಚ್ಚಿತು. ಇಷ್ಟೆಲ್ಲ ಗದ್ದಲದಲ್ಲಿ ದಡಕ್ಕೆ ಆದದ್ದೇನು ಎಂದು ಹುಡುಕಿದರೆ, ಹೆಚ್ಚೇನೂ ಆಗಲಿಲ್ಲ. ಆ ಕಾಲದ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ಹೋಗಿ ಬರುತ್ತಿತ್ತು. ನೀರಿನೊಳಗೆ ಕಲ್ಲು ಸುರಿಯುವ ಅಗತ್ಯವಾಗಲಿ ತಾಕತ್ತಾಗಲಿ ಯಾರಿಗೂ ಇರಲಿಲ್ಲ.

ತಾಕತ್ತು ಬಂದದ್ದು ಹತ್ತಿಯ ಜೊತೆಗೆ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ ಅಲ್ಲಿನವರ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. ಆ ಹತ್ತಿ ಇಂಗ್ಲೆಂಡಿಗೆ ಹೋಗಲು ಹತ್ತಿರದ ಬಂದರು ಯಾವುದು? ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕಾಚಾರ ದೊಡ್ಡದಾಗಿಯೇ ಇತ್ತು. ಒಂದು ಹಳ್ಳಿಯ ಮಟ್ಟದ ಊರು ಜಿಲ್ಲಾ ಕೇಂದ್ರವಾಯಿತು. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭ ಎದ್ದಿತು. ಹತ್ತಿ ಒತ್ತುವ ಯಂತ್ರಗಳು ಸಮುದ್ರ ದಾಟಿ ಬಂದಿಳಿದಾಗ ಘಟ್ಟದ ರಸ್ತೆ ಇನ್ನೂ ಮುಗಿದಿರಲಿಲ್ಲ. ರಸ್ತೆ ಮುಗಿಯುವ ಹೊತ್ತಿಗೆ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆ ಎಂಬ ಮಾತು ಮಾತ್ರ ಉಳಿಯಿತು. 1880ರ ದಶಕದಲ್ಲಿ ಪೋರ್ಚುಗೀಸ್ ಗೋವೆಯ ಮರ್ಮಗೋವಾ ಬಂದರಿಗೆ ಕ್ಯಾಸಲ್‌ರಾಕ್ ಮೂಲಕ ಹಳಿ ಹಾಕಿದಾಗ ಆ ಮಾತಿಗೂ ಬೆಲೆ ಹೋಯಿತು. ಹುಬ್ಬಳ್ಳಿಯ ರೈಲನ್ನು ಕಾರವಾರದವರು ಇವತ್ತಿಗೂ ಕೇಳುತ್ತಲೇ ಇದ್ದಾರೆ. 1990ರ ದಶಕದಲ್ಲಿ ಕೊಂಕಣ ರೈಲು ಬಂತು, ಆದರೆ ಅದು ಕರಾವಳಿಗುಂಟ ಓಡುವ ರೈಲು, ಘಟ್ಟ ಇಳಿಯುವುದಲ್ಲ. ಊರಿನ ಚರಿತ್ರೆ ಬರೆಯುವವರು ಇದನ್ನು ‘ತಪ್ಪಿಹೋದ ಭಾಗ್ಯ’ ಎಂದು ಬರೆಯುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಅದು ನಿಜ. ಆದರೆ ಮರ್ಮಗೋವಾಕ್ಕೆ ಹಳಿ, ಧಕ್ಕೆ, ಅಲೆತಡೆ ಗೋಡೆಗಳು ಬಂದ ಆ ಕಾಲದಲ್ಲಿ ಬೈತಖೋಲ ಸುಮ್ಮನೆ ಇದ್ದ ಹಾಗೆ ಇತ್ತು ಎಂಬುದೂ ಅಷ್ಟೇ ನಿಜ, ಮತ್ತು ಆಮೇಲಿನ ಕತೆಯೆಲ್ಲ ಆ ಸುಮ್ಮನಿರುವಿಕೆಯ ಮೇಲೆ ನಿಂತಿದೆ.

ಆ ಸುಮ್ಮನಿದ್ದ ವರ್ಷಗಳಲ್ಲಿ ಕಾರವಾರಕ್ಕೆ ಬಹಳ ಒಳ್ಳೆಯ ಕಣ್ಣುಗಳು ಬಂದುಹೋದವು. 1880ರ ದಶಕದ ಮೊದಲಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಟಾಗೋರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಇಲ್ಲಿ ಬರೆದರು. ತಮ್ಮ ಜೀವನಸ್ಮೃತಿಯಲ್ಲಿ ಈ ಊರಿಗೆ ಒಂದು ಅಧ್ಯಾಯವನ್ನೇ ಕೊಟ್ಟರು. ಉಪ್ಪು ಮತ್ತು ಸುಂಕದ ಇಲಾಖೆಯ ಎಡ್ವರ್ಡ್ ಏಟ್ಕೆನ್, ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಈ ಮೂವರೂ ಸೇರಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಬರೆದ ಲೇಖನಗಳನ್ನು ಕೀಟಶಾಸ್ತ್ರದವರು ಈಗಲೂ ತೆರೆದು ನೋಡುತ್ತಾರೆ. ಮರಿಹುಳ ಯಾವ ಗಿಡದ ಎಲೆ ತಿನ್ನುತ್ತದೆ ಎಂಬುದರ ತನಕ ಅವರು ಬೆನ್ನು ಹತ್ತಿದರು. ಡೇವಿಡ್‌ಸನ್ ಜಿಲ್ಲೆಯ ಹಕ್ಕಿಗಳ ಪಟ್ಟಿ ಮಾಡಿದ. ಬೆಲ್ ನಿವೃತ್ತಿಯ ಮೇಲೂ ಕಾರವಾರದಲ್ಲೇ ಉಳಿದು 1948ರಲ್ಲಿ ಇಲ್ಲೇ ತೀರಿಕೊಂಡ. ಅಷ್ಟು ಸೂಕ್ಷ್ಮವಾಗಿ ನೋಡಿದವರು ಹೆಚ್ಚಾಗಿ ನೋಡಿದ್ದು ಕಾಡನ್ನು. ಸಮುದ್ರಕ್ಕೆ ಅವರು ಬೆನ್ನು ಹಾಕಿ ಕೂತಿದ್ದರು ಎಂದರೆ ತುಸು ಹೆಚ್ಚಾದೀತು, ಆದರೆ ಅವರ ಬರಹದ ತೂಕ ಎಲ್ಲ ಘಟ್ಟದ ಕಡೆಗೇ ವಾಲಿದೆ. ಅದಕ್ಕೊಂದು ಕಾರಣವೂ ಇತ್ತು. ಕಾಡು ಆಗ ಸರಕಾರದ ಆಸ್ತಿಯಾಗಿತ್ತು. ಮೀಸಲು, ಗಡಿಕಲ್ಲು, ಗಾರ್ಡು ಎಲ್ಲ ಬಂದಿದ್ದವು. ಎಣಿಸಬೇಕಾದದ್ದು, ಕಾಯಬೇಕಾದದ್ದು ಅಂತ ಒಂದಿದ್ದರೆ ಅದು ಮರ. ಮರಳಿನ ದಡ ಯಾವ ಇಲಾಖೆಯ ಕಣ್ಣಿಗೂ ಆಸ್ತಿಯಾಗಿ ಕಂಡಿರಲಿಲ್ಲ.

ಆದರೆ ದಡವನ್ನು ದಿನಾ ನೋಡುತ್ತಿದ್ದವರು ಬೇರೆ ಇದ್ದರು. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಸಮುದಾಯದವರ ರಂಪಣಿ ಬಲೆಯ ಕಸುಬು ಈ ಕರಾವಳಿಯ ಅತಿ ದೊಡ್ಡ ಸಾಮೂಹಿಕ ಕೆಲಸವಾಗಿತ್ತು. ಅದು ನಡೆಯುವ ಬಗೆಯನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಮಳೆಗಾಲ ಇಳಿದ ಮೇಲೆ ಬಂಗಡೆ, ತಾರ್ಲೆ ಮೀನುಗಳು ಹಿಂಡುಗಟ್ಟಿ ದಡದ ಸಮೀಪಕ್ಕೆ ಬರುತ್ತವೆ. ಕಣ್ಣು ಪಳಗಿದವನೊಬ್ಬ ನೀರಿನ ಬಣ್ಣ ನೋಡುತ್ತಿರುತ್ತಾನೆ. ಮೋಡದ ನೆರಳಿನ ಹಾಗೆ ಕಪ್ಪಗೆ ಒಂದು ಕಲೆ ನೀರಲ್ಲಿ ಸರಿಯುತ್ತದೆ, ಮೇಲೆ ಕಡಲಕ್ಕಿಗಳು ಸುತ್ತುತ್ತವೆ. ಆದರೆ ಆಕಾಶದಲ್ಲಿ ಮೋಡವಿಲ್ಲ. ಅವನು ಕೈ ಬೀಸಿದ ಕೂಡಲೇ ಹಗ್ಗದ ಒಂದು ತುದಿಯನ್ನು ದಡದವರ ಕೈಗೆ ಬಿಟ್ಟು ದೋಣಿ ಹೊರಡುತ್ತದೆ. ಹಿಂಡನ್ನು ಬಳಸಿ ಬಲೆ ಇಳಿಸುತ್ತ ಹೋಗಿ, ಅರ್ಧಚಂದ್ರ ಬರೆದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಎರಡು ಸಾಲು ಜನ, ಹತ್ತಾರು ಮಂದಿ, ಹಿಮ್ಮಡಿ ಮರಳಲ್ಲಿ ಊರಿ ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡೂ ಸಾಲುಗಳು ಹತ್ತಿರವಾಗುತ್ತವೆ. ಬಲೆ ಒಬ್ಬನದಲ್ಲ. ಒಬ್ಬೊಬ್ಬರು ತಂದ ತುಂಡುಗಳನ್ನು ಜೋಡಿಸಿ ಕಟ್ಟಿದ್ದು; ಪಾಲು ಹಂಚುವಾಗ ತುಂಡಿಗೆ ಇಷ್ಟು, ದೋಣಿಗೆ ಇಷ್ಟು, ಮೈದುಡಿತಕ್ಕೆ ಇಷ್ಟು ಎಂಬ ಲೆಕ್ಕ. ದಾರಿಹೋಕ ಬಂದು ಹಗ್ಗಕ್ಕೆ ಕೈ ಕೊಟ್ಟರೆ ಅವನಿಗೂ ಸಾರಿಗಾಗುವಷ್ಟು ಮೀನು. ಹಿಡಿತ ವಿಪರೀತ ಹೆಚ್ಚಾದರೆ ಒಮ್ಮೆಲೇ ಮೇಲೆಳೆಯುತ್ತಿರಲಿಲ್ಲ. ಬಲೆಯ ಬಾಯಿ ಮುಚ್ಚಿ ನೀರಲ್ಲೇ ಬಿಟ್ಟು, ಪೇಟೆಯ ಬೇಡಿಕೆ ನೋಡಿಕೊಂಡು ದಿನವೂ ಇಷ್ಟಿಷ್ಟೇ ತೆಗೆಯುತ್ತಿದ್ದರು. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಕಡಲೇ ಕಣಜ.

ಇಂಥ ಕೆಲಸಕ್ಕೆ ಏನೇನು ಬೇಕು? ಅಗಲವಾದ ಮರಳಿನ ದಡ. ಹತ್ತು ಮಾರು ಹಿಂದೆ ಸರಿದು ಎಳೆಯಲು ಜಾಗ. ನೀರಿನ ತಳದಲ್ಲಿ ಬಂಡೆ, ಕಬ್ಬಿಣ, ಕಾಂಕ್ರೀಟಿನ ತುಂಡು ಇರಬಾರದು. ಒಂದೇ ಒಂದು ಕಲ್ಲು ಸಾಕು ಬಲೆ ಹರಿಯಲು. ಅಲೆಯ ಅಬ್ಬರ ಮಿತವಾಗಿರಬೇಕು. ಈಗ ಇದೇ ಪಟ್ಟಿಯನ್ನು ಕಡಲಾಮೆಯ ಕಡೆಯಿಂದ ಓದಿ. ಈ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆ ಚಳಿಗಾಲದ ರಾತ್ರಿಗಳಲ್ಲಿ ನೀರಿನಿಂದ ಎದ್ದು ತೆವಳುತ್ತ, ಉಬ್ಬರದ ಗೆರೆ ದಾಟಿ, ಒಣ ಮರಳು ಸಿಗುವ ತನಕ ಬಂದು, ಹಿಂಗಾಲಿನಿಂದ ಕುಳಿ ತೋಡುತ್ತದೆ. ಅದಕ್ಕೂ ಬೇಕಾದದ್ದು ಅಗಲ ದಡ, ಕಲ್ಲಿಲ್ಲದ ಇಳಿಜಾರು, ತಡೆಯಿಲ್ಲದ ದಾರಿ. ಕಲ್ಲುಗೋಡೆ ಎದುರಾದರೆ ಆಮೆ ಹಿಂದಿರುಗುತ್ತದೆ, ಇಲ್ಲವೇ ಗೋಡೆಯ ಬುಡದಲ್ಲೇ ಮೊಟ್ಟೆಯಿಟ್ಟು ಅವನ್ನು ಉಬ್ಬರಕ್ಕೆ ಒಪ್ಪಿಸುತ್ತದೆ. ರಂಪಣಿಯ ಹಂಗಾಮು ಮತ್ತು ಆಮೆಯ ಹಂಗಾಮು ಒಂದರೊಳಗೊಂದು ಹಾಯುವುದೂ ಆಕಸ್ಮಿಕವಲ್ಲ: ಮಳೆಗಾಲದಲ್ಲಿ ಕಡಲು ಕೊಂಡೊಯ್ದ ಮರಳು ಮರಳಿ ಬಂದು ದಡ ತುಂಬಿಕೊಳ್ಳುವುದು ಆ ತಿಂಗಳುಗಳಲ್ಲೇ. ಕಾಳಿಯ ಅಳಿವೆಯಲ್ಲಿ ತಿರುಗಾಡುವ ಗೂನುಬೆನ್ನಿನ ಡಾಲ್ಫಿನ್ನುಗಳಿಗೂ, ಗುಡ್ಡದ ಎತ್ತರದ ಮರಗಳಲ್ಲಿ ಗೂಡು ಕಟ್ಟಿ ಮೀನನ್ನೂ ಕಡಲಹಾವನ್ನೂ ಹೊತ್ತು ತರುವ ಬಿಳಿಹೊಟ್ಟೆಯ ಕಡಲಹದ್ದಿಗೂ ಬೇಕಾದದ್ದು ದಡಕ್ಕೆ ಬರುವ ಅದೇ ಮೀನು. ಒಂದು ಕಸುಬಿಗೆ ಅನುಕೂಲವಾದ ದಡವೇ ಇಷ್ಟು ಜೀವಗಳಿಗೂ ಅನುಕೂಲವಾಗಿತ್ತು. ಕಲ್ಲು ಸುರಿಯಲು ಬಂದವರನ್ನು ಬೇಡ ಎನ್ನಲು ಆಮೆಗೆ ಬಾಯಿರಲಿಲ್ಲ, ಬಲೆಯವರಿಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕು ಕೂಡ. ಬಲೆ ಎಳೆಯುವವರನ್ನು ಪರಿಸರದ ಸಂತರನ್ನಾಗಿ ಮಾಡುವುದು ಈಗಿನ ಫ್ಯಾಷನ್ನು. ರಂಪಣಿಯವರೂ ಸಣ್ಣ ಮೀನು, ದೊಡ್ಡ ಮೀನು ಎನ್ನದೆ ಬಾಚಿದರಲ್ಲ? ಬಾಚಿದರು. ಮೀನು ಸುಗ್ಗಿಯಾದ ವರ್ಷಗಳಲ್ಲಿ ಮಾರಿ ಮುಗಿಯದೆ, ಉಪ್ಪು ಹಾಕಿ ಮುಗಿಯದೆ, ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋದದ್ದು ಕರಾವಳಿಯ ಹಿರಿಯರಿಗೆಲ್ಲ ಗೊತ್ತಿರುವ ಸಂಗತಿ. ಆಮೆಯ ಮೊಟ್ಟೆ ತಿನ್ನುವವರೂ ಇದ್ದರು. ನಾನು ಹೇಳುತ್ತಿರುವುದು ಅವರ ಸದ್ಗುಣದ ಮಾತಲ್ಲ, ಅವರ ಬಲೆಯ ಮಿತಿಯ ಮಾತು. ರಂಪಣಿ ಹಿಡಿಯಬಲ್ಲದ್ದು ದಡಕ್ಕೆ ತಾನಾಗಿ ಬಂದ ಮೀನನ್ನು ಮಾತ್ರ. ಬರದಿದ್ದ ಹಿಂಡಿನ ಬೆನ್ನು ಹತ್ತಲು ಅದಕ್ಕೆ ಕಾಲಿರಲಿಲ್ಲ. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದು ಆ ಮಿತಿಯನ್ನು ತೆಗೆಯಿತು. ಹಿಂಡು ದಡಕ್ಕೆ ಬರುವ ಮೊದಲೇ ನಡುನೀರಿನಲ್ಲಿ ಸುತ್ತುವರಿದು ಎತ್ತಬಹುದಾಯಿತು. ರಂಪಣಿಯವರು ಪ್ರತಿಭಟಿಸಿದರು, ಗಲಾಟೆಗಳಾದವು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ಊರುಗಳಲ್ಲಿ ದೊಡ್ಡ ರಂಪಣಿಗಳು ಕಳಚಿಬಿದ್ದು, ಅವುಗಳ ಯಜಮಾನರಲ್ಲಿ ಎಷ್ಟೋ ಜನ ತಾವೇ ಪರ್ಸೀನಿನಲ್ಲಿ ಪಾಲು ಹಾಕಿದರು. ಇದರಿಂದ ಮೀನಿಗಾದ ನಷ್ಟದ ಬಗ್ಗೆ ಬಹಳ ಬರೆದಿದ್ದಾರೆ. ದಡಕ್ಕಾದ ನಷ್ಟವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ: ಮರಳಿನ ಮೇಲೆ ನಿಂತು ‘ಇದು ನಮಗೆ ಬೇಕು’ ಎನ್ನುವವರ ಸಂಖ್ಯೆ ಒಂದೇ ತಲೆಮಾರಿನಲ್ಲಿ ಕುಸಿಯಿತು. ಅಂಥ ಹೊತ್ತಿನಲ್ಲೇ ದೊಡ್ಡ ಯೋಜನೆಗಳು ಮತ್ತೆ ಬಂದವು, ಈ ಸಲ ಸೋಲದ ಯೋಜನೆಗಳು.

1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಕಾರ್ಯಾರಂಭ ಮಾಡಿತು. ಬೈತಖೋಲದ ಗುಡ್ಡದ ದಕ್ಷಿಣಕ್ಕಿರುವ ಬಿಣಗಾ, ಅರ್ಗಾ ಮೊದಲಾದ ಊರುಗಳ ದಡಗಳು ಬೇಲಿಯೊಳಕ್ಕೆ ಹೋದವು, ನಾಲ್ಕು ಸಾವಿರಕ್ಕೂ ಮಿಕ್ಕಿ ಕುಟುಂಬಗಳು ಜಾಗ ಬಿಟ್ಟವು. ಅಂಜದೀವಕ್ಕೂ ನೆಲಕ್ಕೂ ನಡುವೆ ಕಲ್ಲಿನ ಗೋಡೆ ಬಂದು, ಗಾಮ ತಂಗಿದ ನಡುಗಡ್ಡೆ ಈಗ ನಡುಗಡ್ಡೆಯಾಗಿ ಉಳಿದಿಲ್ಲ. ಅದೇ ಕಾಲಕ್ಕೆ ಘಟ್ಟದಲ್ಲಿ ಕಾಳಿಗೆ ಅಣೆಕಟ್ಟುಗಳು ಎದ್ದವು: 1980ರ ದಶಕದಲ್ಲಿ ಸೂಪಾ, ಆಮೇಲೆ ಕೊಡಸಳ್ಳಿ ಮತ್ತು ಕದ್ರಾ. ನದಿ ತರುತ್ತಿದ್ದ ಮರಳಿನ ಒಂದು ಪಾಲು ಜಲಾಶಯದ ತಳದಲ್ಲೇ ಕೂರತೊಡಗಿತು. ದಡಕ್ಕೆ ಮರಳು ಬರುವ ದಾರಿ ಮೇಲಿನಿಂದ ಇಕ್ಕಟ್ಟಾಯಿತು, ಬಲೆ ಎಳೆಯುವವರಿಗೆ ದಡ ಕೆಳಗಿನಿಂದ ಇಕ್ಕಟ್ಟಾಯಿತು. ಎರಡನ್ನೂ ಒಂದೇ ಕಡತದಲ್ಲಿ ಇಟ್ಟು ನೋಡುವ ಇಲಾಖೆ ಇರಲಿಲ್ಲ. ವಿದ್ಯುತ್ತಿನದು ಒಂದು, ರಕ್ಷಣೆಯದು ಇನ್ನೊಂದು.

ನೌಕಾನೆಲೆಯ ಪರವಾಗಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕಾಗುತ್ತದೆ. ಬೇಲಿಯೊಳಗೆ ರೆಸಾರ್ಟ್ ಇಲ್ಲ, ಮರಳು ಗಣಿಗಾರಿಕೆ ಇಲ್ಲ, ಜೆಟ್‌ಸ್ಕೀ ಇಲ್ಲ. ಮನುಷ್ಯರು ಕಾಲಿಡದ ಗುಡ್ಡದಲ್ಲಿ ಹದ್ದಿಗೆ ನೆಮ್ಮದಿ. ಜಗತ್ತಿನಲ್ಲಿ ಸೈನ್ಯ ಮುಚ್ಚಿಟ್ಟ ಎಷ್ಟೋ ಜಾಗಗಳು ಹೀಗೆ ಅನಪೇಕ್ಷಿತ ವನ್ಯಧಾಮಗಳಾಗಿವೆ. ಹಾಗಾದರೆ ಮುಚ್ಚುವುದೇ ರಕ್ಷಣೆಯಲ್ಲವೇ? ಅಲ್ಲ ಎನ್ನಲು ನನಗೆ ಎರಡು ಕಾರಣಗಳಿವೆ. ಬೇಲಿಯೊಳಗಿನ ಹಕ್ಕಿಗೆ ಸಿಕ್ಕಿದ್ದು ಅಕಸ್ಮಾತ್ತಾಗಿ ಬಿದ್ದ ಕೃಪೆ. ನಾಳೆ ಧಕ್ಕೆ ಉದ್ದ ಮಾಡಬೇಕಾದರೆ ಆ ಹಕ್ಕಿಯನ್ನು ಯಾರೂ ಕೇಳಬೇಕಾಗಿಲ್ಲ. ಮತ್ತೆ, ನೆಲದ ಮೇಲೆ ಎಳೆದ ಬೇಲಿ ನೀರಿನೊಳಗಿನ ಮರಳನ್ನೂ ಮೀನನ್ನೂ ತಡೆಯುವುದಿಲ್ಲ, ಆದರೆ ನೀರಿನೊಳಗೆ ಸುರಿದ ಕಲ್ಲು ತಡೆಯುತ್ತದೆ. ಉಳ್ಳಾಲದ ಉದಾಹರಣೆ ಕಣ್ಣೆದುರಿಗಿದೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ದೋಣಿಗಳ ದಾರಿಗೆಂದು ಅಲೆತಡೆ ಗೋಡೆಗಳು ಬಂದ ಮೇಲೆ ದಕ್ಷಿಣದ ದಡ ಕೊರೆಯತೊಡಗಿತು, ಮನೆಗಳು ಹೋದವು, ಕೊರೆತ ತಡೆಯಲು ಕಲ್ಲು ಸುರಿದರು, ಕಲ್ಲು ಮುಗಿದಲ್ಲಿ ಹೊಸದಾಗಿ ಕೊರೆಯಿತು, ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ನೀರೊಳಗೆ ಕೃತಕ ದಿಬ್ಬಗಳನ್ನು ಕಟ್ಟಬೇಕಾಯಿತು. ಅಲೆಗೆ ಅಡ್ಡ ನಿಂತ ಗೋಡೆ ತನ್ನ ಬೆನ್ನ ಹಿಂದೆ ಮರಳನ್ನು ಕೂಡಿಹಾಕಿಕೊಂಡಷ್ಟು ಬೇರೆಲ್ಲೋ ಒಂದು ದಡ ಬರಿದಾಗುತ್ತದೆ. ಇದಕ್ಕೆ ಪರಿಣತರ ವರದಿ ಬೇಕಿಲ್ಲ, ಮಳೆಗಾಲದಲ್ಲಿ ಗದ್ದೆಯ ಬದು ಕಟ್ಟಿದ ಯಾರಿಗೂ ತಿಳಿಯುತ್ತದೆ.

ಈ ಹಿನ್ನೆಲೆ ಇಲ್ಲದಿದ್ದರೆ 2020ರ ಜನವರಿಯಲ್ಲಿ ಕಾರವಾರ ಏಕೆ ಅಷ್ಟು ಸಿಟ್ಟಾಯಿತು ಎಂದು ಅರ್ಥವಾಗುವುದಿಲ್ಲ. ಬೈತಖೋಲದ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗೆ, ಸಾಗರಮಾಲಾ ಯೋಜನೆಯಡಿ, ಉತ್ತರದ ಕಡೆ ಅಲೆತಡೆ ಗೋಡೆ ಕಟ್ಟಲು ಯಂತ್ರಗಳು ದಡಕ್ಕೆ ಇಳಿದವು. ಗೋಡೆ ಶುರುವಾಗಬೇಕಿದ್ದದ್ದು ಟಾಗೋರರ ಹೆಸರಿಟ್ಟ ಕಡಲತೀರದಲ್ಲೇ. ‘ಪ್ರಕೃತಿಯ ಪ್ರತೀಕಾರ’ ಎಂದು ನಾಟಕಕ್ಕೆ ಹೆಸರಿಟ್ಟವರು ಇದನ್ನು ಕಂಡಿದ್ದರೆ ನಗುತ್ತಿದ್ದರೋ ಏನೋ. ಮೀನುಗಾರರು ನೀರಿಗಿಳಿದು ಪ್ರತಿಭಟಿಸಿದರು, ಮೀನುಪೇಟೆ ಮುಚ್ಚಿತು, ಊರು ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಗಿ ಕಾಮಗಾರಿಗೆ ತಡೆಯಾಜ್ಞೆ ಬಂತು. ದಕ್ಷಿಣದ ದಡಗಳೆಲ್ಲ ಬೇಲಿಯೊಳಕ್ಕೆ ಹೋದ ಮೇಲೆ ರಂಪಣಿಯ ಜಾತಿಯದೇ ಆದ ಏಂಡಿ ಬಲೆ ಎಳೆಯಲು, ನಾಡದೋಣಿ ಎಳೆದಿಡಲು, ಮೀನು ಒಣಗಿಸಲು ಪೇಟೆಯವರಿಗೆ ಉಳಿದದ್ದು ಇದೊಂದೇ ದಡ ಎಂಬುದು ಅವರ ವಾದದ ತಿರುಳು. ಎದುರು ಪಕ್ಷದ ಮಾತೂ ಬಲವಾಗಿಯೇ ಇತ್ತು. ಬೈತಖೋಲದ ಮೀನುಗಾರಿಕಾ ಬಂದರೇ ಧಕ್ಕೆ, ಗೋಡೆಗಳ ಕೂಸಲ್ಲವೇ? 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರರಾಜ್ಯಗಳ ದೋಣಿಗಳು ಕೂಡ ನೂರಾರು ಸಂಖ್ಯೆಯಲ್ಲಿ ಓಡಿಬಂದು ಇಲ್ಲೇ ಆಸರೆ ಪಡೆದವಲ್ಲ? ಒಂದು ಗೋಡೆಯ ಲಾಭ ಉಂಡು ಇನ್ನೊಂದನ್ನು ಬೇಡ ಎನ್ನುವುದು ಇಬ್ಬಂದಿತನವಲ್ಲವೇ? ಅಲ್ಲ. ಮನೆಗೆ ಒಂದು ಬಾಗಿಲು ಬೇಕು ಎಂದವನು ನಾಲ್ಕೂ ಗೋಡೆ ಒಡೆಯಲು ಒಪ್ಪಿದ ಹಾಗಾಗುವುದಿಲ್ಲ. ಆ ಚಂಡಮಾರುತದಲ್ಲಿ ದೋಣಿಗಳಿಗೆ ಆಸರೆ ಕೊಟ್ಟದ್ದು ಬಹುಮಟ್ಟಿಗೆ ಗುಡ್ಡ ಮತ್ತು ಕೊಲ್ಲಿಯ ಬಾಗು, ಅಂದರೆ ಅರಬರಿಂದ ಇಂಗ್ಲಿಷರ ತನಕ ಎಲ್ಲರೂ ಪುಕ್ಕಟೆ ಬಳಸಿದ ವಸ್ತು. ಬಂದರಿನ ಸರಕಿನ ಚರಿತ್ರೆಯೂ ಎಚ್ಚರಿಕೆ ಹೇಳುತ್ತದೆ: ಬಳ್ಳಾರಿಯ ಅದಿರಿನ ಭರಾಟೆಯಲ್ಲಿ ಏರಿದ ವಹಿವಾಟು, 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದ ಕೂಡಲೇ ಇಳಿಯಿತು. ಹತ್ತಿಯ ಕತೆಯದೇ ಮರುಪ್ರದರ್ಶನ, ಒಂದೇ ವ್ಯತ್ಯಾಸ: ಹತ್ತಿ ಹೋದಾಗ ದಡದಲ್ಲಿ ಏನೂ ಉಳಿದಿರಲಿಲ್ಲ, ಕಲ್ಲು ಹಾಗೆ ಹೋಗುವುದಿಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ತನಕ ಲಗಾಮು ಹಾಕಿತು, 2011ರಲ್ಲಿ ಪರಿಷ್ಕೃತವಾಯಿತು, 2019ರಲ್ಲಿ ಮತ್ತೆ ಸಡಿಲವಾಯಿತು. ಜನದಟ್ಟಣೆಯ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50ಕ್ಕೆ ಇಳಿಯಿತು. ಮೀನುಗಾರನ ಮನೆಗೆ ಅನುಕೂಲವಾಗಲಿ ಎಂಬ ಉದ್ದೇಶ ಅದರಲ್ಲಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಬಂದರು ಮತ್ತು ನೌಕಾನೆಲೆ ‘ನೀರಿನಂಚು ಬೇಕೇ ಬೇಕಾದ’ ಕೆಲಸಗಳಾಗಿ ಮೊದಲಿನಿಂದಲೂ ಅನುಮತಿಯ ಪಟ್ಟಿಯಲ್ಲಿವೆ. ರಂಪಣಿಗೂ ನೀರಿನಂಚು ಬೇಕೇ ಬೇಕು, ಆಮೆಗೂ ಬೇಕೇ ಬೇಕು, ಅವೆರಡರ ಬೇಡಿಕೆ ಮಾತ್ರ ಆ ಪದಪುಂಜದ ಅಡಿಯಲ್ಲಿ ಬರುವುದಿಲ್ಲ. ಇನ್ನು ಉಬ್ಬರದ ಗೆರೆ. ನಕ್ಷೆಯಲ್ಲಿ ಅದು ಒಂದು ನೀಲಿ ಎಳೆಯಾಗಿ ನಿಂತುಬಿಡುತ್ತದೆ. ದಡದಲ್ಲಿ ಹಾಗಿಲ್ಲ. ಜೂನ್ ಮೊದಲ ವಾರ ಟ್ರಾಲರುಗಳೆಲ್ಲ ಮೀನುಗಾರಿಕೆ ನಿಷೇಧದ ಎರಡು ತಿಂಗಳಿಗೆಂದು ಬೈತಖೋಲದಲ್ಲಿ ಒಂದರ ಪಕ್ಕ ಒಂದು ಹಗ್ಗ ಬಿಗಿದುಕೊಂಡು ನಿಲ್ಲುವ ಹೊತ್ತಿಗೆ, ಆಚೆ ಟಾಗೋರ್ ತೀರದಲ್ಲಿ ಅಲೆ ಮರಳನ್ನು ಕಿತ್ತು ಒಳಕ್ಕೆ ಒಯ್ಯತೊಡಗಿರುತ್ತದೆ. ಗಾಳಿಮರಗಳ ಬೇರು ತೋರುತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸಿದ ಮೇಲೆ, ದಿನಕ್ಕೆ ಗೇಣಿನಷ್ಟೂ ಅಲ್ಲ, ಬೆರಳಿನಷ್ಟು ಬೆರಳಿನಷ್ಟೇ ಆ ಮರಳು ಹಿಂದಿರುಗುತ್ತದೆ. ನವೆಂಬರಿನ ಹೊತ್ತಿಗೆ, ಬಲೆ ಎಳೆಯುವವರು ಹಿಂದೆ ಸರಿದು ಕಾಲೂರಲು ಸಾಕಾಗುವಷ್ಟು ಅಗಲ ಬಂದಿರುತ್ತದೆ.